ಬಲಿಷ್ಠರ ಪೈಪೋಟಿಯೂ ಕಾರವಾರದ ಕಡಲೂ



ಧಾರವಾಡದಿಂದ ಬೆಳಗಾವಿಯತ್ತ ಹೋಗುವ ಹೆದ್ದಾರಿಯಲ್ಲಿ ಬೇಲೂರು ಕೈಗಾರಿಕಾ ಪ್ರದೇಶವನ್ನು ದಾಟುವಾಗ ನಮ್ಮ ಕಣ್ಣಿಗೆ ಬೀಳುವುವು ಕಾರ್ಖಾನೆಗಳು, ಸರಕಿನ ಲಾರಿಗಳು. ಅಲ್ಲಿ ರಣರಂಗದ ನೆನಪು ಯಾರಿಗೂ ಬಾರದು. ಆದರೆ ಇದೇ ದಾರಿಯಲ್ಲಿ ಮುಂದೆ ಸಿಗುವ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ 1961ನೆಯ ಡಿಸೆಂಬರ್ 18ರಂದು ಹಂಟರ್ ವಿಮಾನಗಳು ಹಾರಿಹೋಗಿ ಗೋವೆಯ ನಿಸ್ತಂತು ಕೇಂದ್ರವನ್ನು ಹೊಡೆದುವು.

ಗೋವೆಯ ಪ್ರಶ್ನೆ ಪೋರ್ಚುಗೀಸರಿಗೂ ನಮಗೂ ಮಾತ್ರ ಸೇರಿದುದಾಗಿರಲಿಲ್ಲ. ಪೋರ್ಚುಗಲ್ ನೇಟೋ ಕೂಟದ ಸದಸ್ಯರಾಷ್ಟ್ರ. 1955ರ ಡಿಸೆಂಬರಿನಲ್ಲಿ ಅಮೆರಿಕದ ಡಲ್ಲೆಸರು ಪೋರ್ಚುಗಲ್ಲಿನ ಮಂತ್ರಿಯೊಡನೆ ಹೊರಡಿಸಿದ ಹೇಳಿಕೆಯಲ್ಲಿ ಆ ದೇಶದ ಪೂರ್ವದ ನೆಲೆಗಳನ್ನು 'ಪ್ರಾಂತ'ಗಳೆಂದು ಕರೆದರು. ಆಗ ಭಾರತದ ಪ್ರವಾಸದಲ್ಲಿದ್ದ ಕ್ರುಶ್ಚೇವ್, ಬುಲ್ಗಾನಿನ್ ಇಬ್ಬರೂ ನಮ್ಮ ಪಕ್ಷ ವಹಿಸಿದರು. ನಮ್ಮ ನೆರೆಯ ಜಗಳ ಹೀಗೆ ದೂರದ ದೊಡ್ಡವರ ಪಗಡೆಯ ಕಾಯಾಯಿತು.

ಕಾರವಾರದ ತೀರದಿಂದ ಕಣ್ಣಳತೆಯಲ್ಲಿಯೇ ಇರುವ ಅಂಜದೀವ್ ದ್ವೀಪದಿಂದ 1961ರ ನವೆಂಬರಿನಲ್ಲಿ ಸಾಬರಮತಿ ಎಂಬ ಹಡಗಿನ ಮೇಲೂ ಮೀನುಗಾರರ ದೋಣಿಗಳ ಮೇಲೂ ಗುಂಡು ಹಾರಿತು. ಡಿಸೆಂಬರಿನಲ್ಲಿ ನಮ್ಮ ನಾವಿಕರು ದ್ವೀಪಕ್ಕೆ ಇಳಿದರು. 'ತ್ರಿಶೂಲ', 'ಮೈಸೂರು' ಎಂಬೆರಡು ಯುದ್ಧನೌಕೆಗಳು ಅವರ ಬೆಂಬಲಕ್ಕೆ ನಿಂತುವು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ತೆತ್ತರು. ಅದೇ 18ರಂದು ಭದ್ರತಾ ಮಂಡಲಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ತುರ್ಕಿಗಳು ತಂದ ನಿರ್ಣಯಕ್ಕೆ ಏಳು ಮತಗಳು ದೊರೆತುವು, ವಿರುದ್ಧ ನಾಲ್ಕು. ರಷ್ಯದ ನಿಷೇಧಾಧಿಕಾರವೊಂದೇ ಅದನ್ನು ಕೆಡವಿತು.

ಇಲ್ಲಿ ಒಂದು ವಿಚಿತ್ರವನ್ನು ನಾವು ಗಮನಿಸಬೇಕು. 'ಮೈಸೂರು' ನೌಕೆ ಹಿಂದೆ ಬ್ರಿಟಿಷ್ ನೌಕಾಪಡೆಯ 'ನೈಜೀರಿಯ' ಆಗಿದ್ದುದು; ನಾವು 1957ರಲ್ಲಿ ಅದನ್ನು ನಮ್ಮ ಪಡೆಗೆ ಸೇರಿಸಿಕೊಂಡೆವು. ಹಂಟರ್ ವಿಮಾನಗಳೂ ಬ್ರಿಟನ್ನಿನವೇ. ಆಯುಧ ಮಾರಿದವರು ನಮ್ಮ ವಿರುದ್ಧ ಮತ ಹಾಕಿದರು. ನಮ್ಮನ್ನು ಉಳಿಸಿದವರಾದರೋ ತಮ್ಮ ಲೆಕ್ಕವನ್ನೂ ನೋಡಿಕೊಂಡೇ ಉಳಿಸಿದರು. ಅವರ ಎಣಿಕೆ ಬೇರೆಯಾಗಿದ್ದರೆ ಎಂಬ ಪ್ರಶ್ನೆ ನಮ್ಮನ್ನು ಈಗಲೂ ಕಾಡುತ್ತದೆ.

1986ರಲ್ಲಿ ಕಾರವಾರದ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. 2005ರಲ್ಲಿ 'ಕದಂಬ' ಕಾರ್ಯಾರಂಭ ಮಾಡಿತು. ಅಲ್ಲಿಗೆ ಬಂದ 'ವಿಕ್ರಮಾದಿತ್ಯ'ವೂ ಮೊದಲು ರಷ್ಯದ ಹಡಗೇ. ನೆಲೆಗಾಗಿ ಭೂಮಿ ಬಿಟ್ಟ ಕರಾವಳಿಯ ಕುಟುಂಬಗಳು ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆದುವು. ಭದ್ರತೆಯ ಮಾತು ಬಂದಾಗ ಹಡಗುಗಳನ್ನು ಎಣಿಸುವ ನಾವು ಆ ಮನೆಗಳನ್ನು ಎಣಿಸಿದ್ದು ಕಡಮೆ.