ದೂರು ಕೊಡಲು ಹಿಂಜರಿಯಬೇಡಿ
(ನೇಮಕಲ್ಲಿನಲ್ಲಿ ಕನ್ನಡ ಮಾಧ್ಯಮ ಶಾಲಾ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬದಲಾದರೂ ನಮ್ಮ ಮನೆಮಾತು ಬದಲಾಗಲಿಲ್ಲ. ಆದರೆ ನಮ್ಮಲ್ಲಿ ಒಂದು ಅಭ್ಯಾಸ ಬೆಳೆಯಿತು. "ನಮಗ್ಯಾಕೆ ಗೊಡವೆ" ಎಂದು ಸುಮ್ಮನಿರುವ ಅಭ್ಯಾಸ. ಕನ್ನಡ ಪಠ್ಯಪುಸ್ತಕ ತಡವಾದರೂ ಸುಮ್ಮನೆ, ಮೇಷ್ಟ್ರ ಹುದ್ದೆ ಖಾಲಿ ಬಿದ್ದರೂ ಸುಮ್ಮನೆ, ಬ್ಯಾಂಕಿನಲ್ಲಿ "ನಾಳೆ ಬಾ" ಎಂದು ಕಳಿಸಿದರೂ ಸುಮ್ಮನೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎನ್ನುತ್ತೇವೆ. ಕಚೇರಿಯೇನು ತಾಯಿಯೆ?

"ತೆಲುಗಿನಲ್ಲಿ ಅರ್ಜಿ ಬರೆಯಲು ಬಾರದು" ಎಂದು ನೀವು ಹೇಳಬಹುದು. ಸಂವಿಧಾನದ 350ನೇ ವಿಧಿಯನ್ನು ನೆನಪಿಡಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕನ್ನಡದಲ್ಲೇ ಬರೆಯಿರಿ. 1956ರಲ್ಲಿ ಸೇರಿಸಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯವು ಪ್ರಯತ್ನಿಸಬೇಕು ಎನ್ನುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯ ಸ್ಥಾನವಿದೆ. ಮನವಿಯ ಒಂದು ಪ್ರತಿಯನ್ನು ಅಲ್ಲಿಗೂ ಕಳಿಸಿ.

ಯಾವ ದೂರನ್ನು ಎಲ್ಲಿಗೆ ಒಯ್ಯಬೇಕೆಂಬುದೂ ತಿಳಿದಿರಲಿ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿಮ್ಮ ನೆರವಿಗಿದೆ. ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು. 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಸಲಹೆ ದೊರೆಯುತ್ತದೆ. ಬ್ಯಾಂಕಿನ ವಿಷಯವಾದರೆ ಮೊದಲು ಬ್ಯಾಂಕಿಗೇ ಬರೆದುಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ.

ಸರ್ಕಾರಿ ಶಾಲೆಯ ಉಚಿತ ಶಿಕ್ಷಣಕ್ಕೆ ಈ ಗ್ರಾಹಕ ಕಾಯಿದೆಯ ದಾರಿ ನಡೆಯದು. ಅಲ್ಲಿ ಶಿಕ್ಷಣ ಹಕ್ಕಿನ 2009ರ ಕಾಯಿದೆಯನ್ನು ಹಿಡಿಯಬೇಕು. ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಇರಬೇಕು, ಅರ್ಧದಷ್ಟು ಸದಸ್ಯರು ಹೆಂಗಸರಿರಬೇಕು. ಪುಸ್ತಕ, ಶಿಕ್ಷಕರ ಕೊರತೆಯನ್ನು ಸಮಿತಿಯ ನಡವಳಿ ಪುಸ್ತಕದಲ್ಲಿ ಬರೆಸಿ ಮೇಲಕ್ಕೆ ಕಳಿಸಿ.

"ದೂರು ಕೊಟ್ಟರೆ ನಮ್ಮ ಹುಡುಗನ ಮೇಲೆ ಹಗೆ ಸಾಧಿಸಿದರೆ?" ಎಂಬ ಭಯ ಸಹಜ. ಆದ್ದರಿಂದಲೇ ಒಬ್ಬರೇ ಹೋಗಬೇಡಿ. ಹತ್ತು ಮನೆಯವರು ಒಂದೇ ಕಾಗದಕ್ಕೆ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ಮೇಷ್ಟ್ರ ಮೇಲೆ ಕೂಗಾಡಬೇಡಿ. ಪುಸ್ತಕ ಕಳಿಸದವರು ಅವರಲ್ಲ. ಅನೇಕ ಸಲ ಅವರೂ ನಮ್ಮಂತೆಯೇ ಕಾಯುತ್ತಿರುತ್ತಾರೆ. ಏನು ನಡೆಯಿತು, ಯಾವ ದಿನ, ಏನು ಬೇಕು, ಈ ಮೂರನ್ನೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಹಾಕಿಸಿಕೊಂಡು ಜೋಪಾನವಾಗಿಡಿ. ಮೊಹರು ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಾಯಿಮಾತಿನ ದೂರಿಗೆ ಲೆಕ್ಕವಿಲ್ಲ. ಕಡತದಲ್ಲಿ ನಮ್ಮ ಕಾಗದವಿಲ್ಲದಿದ್ದರೆ, ಕನ್ನಡ ಕೇಳುವವರೇ ಇಲ್ಲವೆಂದು ನಾಳೆ ಯಾರಾದರೂ ಬರೆದಾರು. ತರಗತಿ ಮುಚ್ಚಲು ಅಷ್ಟು ಸಾಕು.

ಇಂದು ರಾತ್ರಿ ಮಗುವಿನ ಚೀಲ ತೆಗೆದು ನೋಡಿ. ಯಾವ ಪುಸ್ತಕ ಬಂದಿಲ್ಲವೆಂದು ಬರೆದುಕೊಳ್ಳಿ. ಆ ಚೀಟಿಯೇ ನಮ್ಮ ಮೊದಲ ಮನವಿಯಾಗಲಿ.