ಕೂಸುಗಳ ಲೆಕ್ಕ ಯಾರ ಹೊಣೆ?



ವಚನ, ಕೀರ್ತನೆ, ಕುಮಾರವ್ಯಾಸ ಎಂದು ಕೇಳಿ ಪಳಗಿದ ಕಿವಿಗಳಿಗೆ ಇವತ್ತಿನ ವಿಷಯ ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಶಿಶುಪಾಲನೆಗೆ ರಾಜ್ಯಮಟ್ಟದ ಯೋಜನೆ, ಅದಕ್ಕೊಂದು ಕಾನೂನು, ಆ ಕಾನೂನಿಗೆ ಪಂಚಾಯಿತಿ, ನಗರಸಭೆಗಳ ಬೆಂಬಲ: ಶೀರ್ಷಿಕೆ ಓದಿದರೇ ಸರ್ಕಾರಿ ಕಡತದ ಧೂಳು ಮೂಗಿಗೆ ಬರುತ್ತದೆ. ಆದರೆ ಇದನ್ನು ಮಾತಾಡಲು ಹೈದರಾಬಾದಿನ ನಾಂಪಲ್ಲಿಗಿಂತ ತಕ್ಕ ಜಾಗ ಸಿಗಲಾರದು. ಪಬ್ಲಿಕ್ ಗಾರ್ಡನ್ನಿನ ಮಗ್ಗುಲಿಗೆ ಶಾಸನಸಭೆ ಇದೆ. ಅದೇ ಗಾರ್ಡನ್ನಿನೊಳಗೆ ಜವಾಹರ ಬಾಲಭವನ ಇದೆ. ಇನ್ನೊಂದು ಕಡೆ ನಡೆದರೆ ನೀಲೋಫರ್ ಆಸ್ಪತ್ರೆ. ಅದು ನಿಜಾಮರ ಮನೆತನದ ರಾಜಕುಮಾರಿ ನೀಲೋಫರ್ ಅವರ ಸೇವಕಿಯೊಬ್ಬಳು ಹೆರಿಗೆಯಲ್ಲಿ ತೀರಿಕೊಂಡ ಸಂಕಟದಿಂದ ಹುಟ್ಟಿದ್ದು. ಮಗು ಹುಟ್ಟುವುದಕ್ಕೆ ಒಂದು ಮನೆ, ಬೆಳೆದ ಮಗು ಆಡುವುದಕ್ಕೆ ಒಂದು ಮನೆ, ಎಲ್ಲರಿಗೂ ಕಾನೂನು ಮಾಡುವುದಕ್ಕೆ ಒಂದು ಮನೆ. ಈ ಮೂರರ ನಡುವೆ ಒಂದು ವಯಸ್ಸು ಜಾರಿಹೋಗಿದೆ: ಆರು ತಿಂಗಳಿಂದ ಮೂರು ವರ್ಷ. ನನ್ನ ಮಾತೆಲ್ಲ ಆ ವಯಸ್ಸಿನ ಸುತ್ತಲೇ.

ಆ ಕೂಸುಗಳು ಎಲ್ಲಿಂದ ಬರುತ್ತವೆ ಎಂದು ಮೊದಲು ನೋಡೋಣ. 1956ರಲ್ಲಿ ರಾಜ್ಯಗಳ ಗಡಿ ಎಳೆದ ಮೇಲೂ ಯಾದಗಿರಿ, ಕಲಬುರಗಿ, ರಾಯಚೂರು, ಬೀದರಗಳಿಗೂ ಈ ಊರಿಗೂ ಇದ್ದ ನಂಟು ಕಡಿಯಲಿಲ್ಲ. ಇಲ್ಲಿ ಕುಳಿತವರಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಉಸ್ಮಾನಿಯಾದಲ್ಲಿ ಓದಲು, ನಿಜಾಮರ ಕಚೇರಿಗಳಲ್ಲಿ ಬರೆಯಲು ಬಂದವರು. ಈಗ ಸುಗ್ಗಿ ಮುಗಿಯುತ್ತಲೂ ಬರುವವರು ಬೇರೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಕೈಗೂಸು, ಹಿಟ್ಟಿನ ಚೀಲ. ಗಚ್ಚಿಬೌಲಿ, ಮಿಯಾಪುರದ ಕಡೆ ಏಳುತ್ತಿರುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ ಅವರ ಬಿಡಾರ. ಅಷ್ಟೂ ಸಿಗದವರು ಬೆಳಿಗ್ಗೆ ಅಡ್ಡಾದಲ್ಲಿ ನಿಂತು ಕೂಲಿಗೆ ಕಾಯುತ್ತಾರೆ.

ಅಂಥ ಕಟ್ಟಡದ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು ನೋಡಿ. ಸೆಂಟ್ರಿಂಗ್‌ಗೆ ನಿಲ್ಲಿಸಿದ ಎರಡು ಕಂಬಗಳ ನಡುವೆ ಹಳೇ ಸೀರೆಯ ಜೋಳಿಗೆ ಕಟ್ಟಿರುತ್ತಾರೆ. ಒಳಗೆ ಕೂಸು ಮಲಗಿರುತ್ತದೆ, ಮುಖದ ಮೇಲೆ ಸಿಮೆಂಟಿನ ಪುಡಿ ಬೀಳದಂತೆ ಸೆರಗನ್ನು ಮಡಿಸಿ ಹೊದಿಸಿರುತ್ತಾರೆ. ಜೋಳಿಗೆಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಏಳೆಂಟು ವರ್ಷದ ಹುಡುಗಿಯ ಕೈಯಲ್ಲಿ. ಅವಳು ಜಗ್ಗುತ್ತಾ ಕೂತಿರುತ್ತಾಳೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹುಡುಗಿ ಗೈರು, ಆ ಗೈರಿಗೆ ಕಾರಣ ಜೋಳಿಗೆಯಲ್ಲಿದೆ. ಶಿಕ್ಷಣ ಇಲಾಖೆ ಹುಡುಗಿಯನ್ನು ಹುಡುಕುತ್ತದೆ. ಕೂಸನ್ನು ಹುಡುಕುವ ಇಲಾಖೆ ಇನ್ನೂ ಹೊರಟಿಲ್ಲ. ‘ಕೂಸಿನ್ನ ಎಲ್ಲಿ ಬಿಟ್ಟು ಬರ್ಲಿ ರೀ?’ ಎಂದು ಆ ತಾಯಿ ಕೇಳಿದರೆ ಮೇಸ್ತ್ರಿಯ ಬಳಿಯೂ ಉತ್ತರವಿಲ್ಲ, ನಮ್ಮ ಬಳಿಯೂ ಇಲ್ಲ.

ಅಂಗನವಾಡಿ ಇದೆಯಲ್ಲ ಎನ್ನುತ್ತೀರಿ. ಇದೆ, ಮತ್ತು ಅದು ಸಣ್ಣ ಸಾಧನೆಯಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಈಗ ತೆಲಂಗಾಣ ಒಂದರಲ್ಲೇ ಮೂವತ್ತೈದು ಸಾವಿರಕ್ಕೂ ಮೇಲ್ಪಟ್ಟು ಕೇಂದ್ರಗಳಿವೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ದಿನಕ್ಕೊಂದು ಹೊತ್ತಿನ ಪೂರ್ಣ ಊಟ ಕೊಡುವ ಆರೋಗ್ಯಲಕ್ಷ್ಮಿ 2015ರ ಜನವರಿಯಿಂದ ನಡೆದಿದೆ. ಆದರೆ ಅಂಗನವಾಡಿಯಲ್ಲಿ ಕೂತು ಕಲಿಯುವುದು ಮೂರರಿಂದ ಆರು ವರ್ಷದವರು. ಅದಕ್ಕಿಂತ ಚಿಕ್ಕದಕ್ಕೆ ಮನೆಗೆ ಒಯ್ಯುವ ಪೊಟ್ಟಣ: ತೆಲಂಗಾಣದಲ್ಲಿ ಬಾಲಾಮೃತಂ, ಕರ್ನಾಟಕದಲ್ಲಿ ಪುಷ್ಟಿ. ಪೊಟ್ಟಣ ಮನೆಗೆ ಬಂತು ಸರಿ, ಅದನ್ನು ಕಲಸಿ ತಿನ್ನಿಸಬೇಕಾದ ತಾಯಿ ಎಂಟನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿದ್ದಾಳೆ. ಮೂರು ದಾಟಿದ ಮಗುವಿನ ಮಟ್ಟಿಗೂ ಕೇಂದ್ರ ಸಂಜೆ ನಾಲ್ಕರ ಹೊತ್ತಿಗೆ ಮುಚ್ಚುತ್ತದೆ, ಕೂಲಿ ಮುಗಿಯುವುದು ಆರಕ್ಕೆ.

ಕಾನೂನುಗಳೇನು ಕಡಿಮೆ ಇಲ್ಲ. 1948ರ ಕಾರ್ಖಾನೆ ಕಾಯ್ದೆ ತಿದ್ದುಪಡಿಯಾದ ಮೇಲೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹ ಬೇಕೆಂದಿತು, ಮೂವತ್ತಕ್ಕೇ ನೇಮಕ ನಿಲ್ಲಿಸುವ ಜಾಣರಿಗೆ ದಾರಿಯನ್ನೂ ತೋರಿಸಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಎಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೆಂಗಸರನ್ನಷ್ಟೇ ಎಣಿಸುವುದನ್ನು ಬಿಟ್ಟು ಒಟ್ಟು ಐವತ್ತು ನೌಕರರು ಎಂದಿತು, ತಾಯಿ ದಿನಕ್ಕೆ ನಾಲ್ಕು ಸಲ ಕೂಸನ್ನು ನೋಡಿ ಬರಬಹುದು ಎಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಐವತ್ತು. ದೊಡ್ಡ ಕಂಪನಿಯ ಎಂಜಿನಿಯರಮ್ಮನಿಗೆ ಇದರಿಂದ ಅನುಕೂಲವಾಗಿದೆ, ಸಂತೋಷ. ಆದರೆ ಒಂದೇ ಕಟ್ಟಡದ ಕೂಲಿಗಳು ಹತ್ತು ಮೇಸ್ತ್ರಿಗಳ ಕೆಳಗೆ ಹಂಚಿಹೋಗಿದ್ದರೆ ಯಾವ ಮೇಸ್ತ್ರಿಯ ಪಟ್ಟಿಯಲ್ಲೂ ಐವತ್ತು ತಲೆ ಸಿಗುವುದಿಲ್ಲ. ಮನೆಗೆಲಸದವರು, ತರಕಾರಿ ಮಾರುವವರು, ಮನೆಯಲ್ಲೇ ಕೂತು ಬೀಡಿ ಕಟ್ಟುವವರಂತೂ ಯಾವ ಪಟ್ಟಿಗೂ ಸೇರಿದವರಲ್ಲ.

ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಯಾವ ವಸತಿಯಲ್ಲಿ ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದಾರೋ ಅಲ್ಲಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಎಂದಿತು. ದೊಡ್ಡ ತೀರ್ಪು. ಆದರೆ ‘ಕೇಳಿದರೆ’ ಎಂಬಲ್ಲಿ ಅದರ ಭಾರವೆಲ್ಲ ಬಿದ್ದಿದೆ. ನಲವತ್ತು ಮಕ್ಕಳನ್ನು ಎಣಿಸಿ, ಅರ್ಜಿ ಬರೆಸಿ, ತೆಲುಗಿನ ಊರಲ್ಲಿ ಕನ್ನಡದ ಕೂಲಿ ಹೆಂಗಸು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು? ಆ ಮೂರು ತಿಂಗಳು ಮುಗಿಯುವ ಹೊತ್ತಿಗೆ ಅವಳ ಮೇಸ್ತ್ರಿ ಬೇರೆ ಸೈಟಿಗೆ ಹೋಗಿರುತ್ತಾನೆ. ಸಂವಿಧಾನದ 45ನೇ ವಿಧಿ ಆರು ವರ್ಷದವರೆಗಿನ ಆರೈಕೆಗೆ ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಮೂರರಿಂದ ಆರರವರಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆ. ಈ ಕೂಸುಗಳನ್ನು ಎಣಿಸಿ ಶಿಶುಪಾಲನೆಗೆ ಯೋಜನೆ ಮಾಡಲೇಬೇಕು ಎಂದು ಯಾರ ಮೇಲೂ ಹೊರಿಸಿಲ್ಲ. ನನ್ನ ತಕರಾರು ಇದೊಂದೇ. ಆ ಹೊಣೆ ಸ್ಥಳೀಯ ಸಂಸ್ಥೆಯ ಮೇಲೆ ಬರಬೇಕು, ಅದಕ್ಕೆ ಬೇಕಾದ ದುಡ್ಡೂ ಅದರ ಜೊತೆಯಲ್ಲೇ ಬರಬೇಕು.

ಇಲ್ಲಿ ಒಂದು ವಿಚಿತ್ರ ನೋಡಿ. 1992ರ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ಕೊಟ್ಟ ಹನ್ನೊಂದನೇ ಅನುಸೂಚಿಯ 25ನೇ ಬಾಬತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ಅದೇ ಹೊತ್ತಿನಲ್ಲಿ ನಗರಗಳಿಗೆ ಕೊಟ್ಟ ಹನ್ನೆರಡನೇ ಅನುಸೂಚಿಯಲ್ಲಿ ಹದಿನೆಂಟು ಬಾಬತ್ತುಗಳಿವೆ. ಉದ್ಯಾನ ಇದೆ, ಬೀದಿದೀಪ ಇದೆ, ಸ್ಮಶಾನ ಇದೆ, ಬೀಡಾಡಿ ದನಗಳ ದೊಡ್ಡಿಯೂ ಇದೆ. ಮಗು ಇಲ್ಲ! ಹಳ್ಳಿಯಲ್ಲಿ ಹುಟ್ಟಿದ ಕೂಸು ಪಂಚಾಯಿತಿಯ ಬಾಬತ್ತು, ಅದೇ ಕೂಸು ಹೈದರಾಬಾದಿಗೆ ಬಂದರೆ ಪಾಲಿಕೆಯ ಮಟ್ಟಿಗೆ ಯಾರೂ ಅಲ್ಲ. ರಾಜ್ಯದ ಶಾಸನಸಭೆ ಮನಸ್ಸು ಮಾಡಿದರೆ ತನ್ನ ಪೌರ ಕಾಯ್ದೆಯಲ್ಲಿ ಈ ಹೊಣೆಯನ್ನು ಸೇರಿಸಲು ಅಡ್ಡಿಯೇನಿಲ್ಲ.

ಪಾಲಿಕೆಗೆ ಮಾಹಿತಿ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಡದ ನಕ್ಷೆಗೆ ಮಂಜೂರಾತಿ ಕೇಳಿದವರಿಂದ ಕಟ್ಟಡ ವೆಚ್ಚದ ಶೇಕಡಾ ಒಂದರಷ್ಟು ಕಾರ್ಮಿಕ ಸೆಸ್ಸನ್ನು ಅರ್ಜಿಯ ಜೊತೆಯಲ್ಲೇ ಕಟ್ಟಿಸಿಕೊಳ್ಳುವ ನಿಯಮ ಇದೆ. ಅಂದರೆ ಯಾವ ಬೀದಿಯಲ್ಲಿ ಎಷ್ಟು ಮಹಡಿ ಏಳುತ್ತದೆ, ಎಷ್ಟು ವರ್ಷ ಕೆಲಸ ನಡೆಯುತ್ತದೆ ಎಂಬುದು ಮೊದಲ ಇಟ್ಟಿಗೆ ಬೀಳುವ ಮುಂಚೆಯೇ ಕಡತದಲ್ಲಿದೆ. ಕೂಲಿಗಳು ಬರುತ್ತಾರೆ, ಕೂಲಿಗಳ ಜೊತೆ ಕೂಸುಗಳೂ ಬರುತ್ತವೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಸೆಸ್ಸು ಕಾರ್ಮಿಕ ಮಂಡಳಿಗೆ ಹೋಗುತ್ತದೆ, ಮಾಹಿತಿ ನಕ್ಷೆ ವಿಭಾಗದ ಬೀರುವಿನಲ್ಲಿ ಉಳಿಯುತ್ತದೆ, ಅಂಗನವಾಡಿ ಬೇರೆ ಇಲಾಖೆಯ ಕೈಯಲ್ಲಿದೆ. ಮೂವರೂ ಒಂದೇ ಮೇಜಿಗೆ ಬರಬೇಕೆಂದರೆ ಕಾನೂನಿನ ಬಲವಂತವೇ ಬೇಕು. ಈ ಕೊರತೆ ಹೊಸದೂ ಅಲ್ಲ. 1969ರಲ್ಲಿ ದೆಹಲಿಯ ರಾಜಘಾಟಿನ ಹತ್ತಿರ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಾಗ ಮೀರಾ ಮಹಾದೇವನ್ ಅವರು ಮಣ್ಣಲ್ಲಿ ಬಿದ್ದಿದ್ದ ಕೂಸುಗಳನ್ನು ಕಂಡು ಒಂದು ಡೇರೆ ಹಾಕಿಸಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಒಬ್ಬ ಮಹಿಳೆಯ ಕಣ್ಣಿಗೆ ಬಿದ್ದದ್ದು ಐವತ್ತು ವರ್ಷ ಕಳೆದರೂ ನಗರಾಡಳಿತದ ನಿಯಮಾವಳಿಯ ಕಣ್ಣಿಗೆ ಬಿದ್ದಿಲ್ಲ.

ಹಳ್ಳಿಯ ಕಡೆ ಸ್ವಲ್ಪ ಆಶೆ ಹುಟ್ಟಿಸುವ ಕೆಲಸ ನಡೆದಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಒಂದು ಮಾತಿತ್ತು: ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕು, ಅವಳಿಗೂ ಅದೇ ಕೂಲಿ. ಬಹಳ ಕಡೆ ಅದು ಕಾಗದದಲ್ಲೇ ಉಳಿಯಿತು. ಅದನ್ನು ಊರೊಳಗೆ ತಂದದ್ದು ಕರ್ನಾಟಕದ ‘ಕೂಸಿನ ಮನೆ’. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಇವನ್ನು ತೆರೆಯುವುದಾಗಿ ಹೇಳಿದರು. ಪಂಚಾಯಿತಿ ಜಾಗ ಹುಡುಕುತ್ತದೆ: ಖಾಲಿ ಬಿದ್ದ ಶಾಲಾ ಕೋಣೆ, ಸಮುದಾಯ ಭವನ, ಯಾವುದಾದರೂ ಸರಿ. ಊರಿನ ಜಾಬ್ ಕಾರ್ಡ್ ಇರುವ ಹೆಂಗಸರೇ ತರಬೇತಿ ಪಡೆದು ಸರದಿಯ ಮೇಲೆ ಆರೈಕೆಗೆ ನಿಲ್ಲುತ್ತಾರೆ. ಸರದಿ ಏಕೆಂದರೆ ಆ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಮಿತಿ ಇತ್ತು. ಒಬ್ಬಳೇ ನಿಂತರೆ ನೂರು ದಿನಕ್ಕೇ ಕೂಸಿನ ಮನೆಗೆ ಬೀಗ. ಅಂಥ ಇಕ್ಕಟ್ಟಿನಲ್ಲೇ ದಾರಿ ಹುಡುಕಿದ್ದು ಮೆಚ್ಚತಕ್ಕದ್ದು. ಆದರೆ ಕೂಸಿಗೆ ಬೇಕಾದದ್ದು ದಿನವೂ ಅದೇ ಮುಖ, ಅದೇ ಮಡಿಲು. ಕೂಲಿ ಲೆಕ್ಕದ ಅನುಕೂಲಕ್ಕೆ ಆರೈಕೆಯವರನ್ನು ತಿಂಗಳು ತಿಂಗಳು ಬದಲಿಸಿದರೆ ಮಗು ಯಾರಿಗೆ ಹೊಂದಿಕೊಳ್ಳಬೇಕು? ಜೊತೆಗೆ, ಬಜೆಟ್ಟಿನಲ್ಲಿ ಹುಟ್ಟಿದ್ದು ಇನ್ನೊಂದು ಬಜೆಟ್ಟಿನಲ್ಲಿ ಸೊರಗಬಹುದು. ಅದಕ್ಕೇ ಕಾಯ್ದೆ ಬೇಕು ಎನ್ನುವುದು.

ಕಾಸರಗೋಡಿನ ನಮ್ಮ ಕನ್ನಡ ಪಂಚಾಯಿತಿಗಳನ್ನು ನೋಡಿ, ಇನ್ನೊಂದು ಪಾಠ ಇದೆ. ಕೇರಳದಲ್ಲಿ 1996ರ ಜನತಾ ಯೋಜನೆಯ ನಂತರ ಪಂಚಾಯಿತಿ ತನ್ನ ಯೋಜನಾ ಹಣದಲ್ಲಿ ಶೇಕಡಾ ಹತ್ತನ್ನು ಮಹಿಳೆಯರಿಗೆ, ಶೇಕಡಾ ಐದನ್ನು ಮಕ್ಕಳು, ವೃದ್ಧರು, ಅಂಗವಿಕಲರಿಗೆ ಎಂದು ತೆಗೆದಿಡಬೇಕು. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಎಣ್ಮಕಜೆಯಂಥ ಕಡೆ ಬುದ್ಧಿಮಾಂದ್ಯ ಮಕ್ಕಳ ‘ಬಡ್ಸ್’ ಶಾಲೆಗಳನ್ನು ನಡೆಸುತ್ತಿರುವುದು ಸ್ಥಳೀಯ ಸಂಸ್ಥೆಗಳೇ. ಅಲ್ಲಿ ಎಲ್ಲವೂ ಸರಿ ಇದೆ ಎಂದಲ್ಲ. ದುಡ್ಡಿನ ಗಂಟು ಕೈಗೆ ಕೊಟ್ಟು ಹೊಣೆ ಹೊರಿಸಿದರೆ ಪಂಚಾಯಿತಿ ಮಕ್ಕಳ ಕೆಲಸವನ್ನೂ ಮಾಡುತ್ತದೆ ಎನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು.

ಹೊರಗಿನ ಲೋಕದ ಮಾತು ಚುಟುಕಾಗಿ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ಶಿಶುಪಾಲನಾ ಯೋಜನಾ ಮಂಡಳಿಗಳಿವೆ. ಅವುಗಳಲ್ಲಿ ಐದನೇ ಒಂದು ಪಾಲು ಹೆತ್ತವರು, ಇನ್ನೊಂದು ಪಾಲು ಮಕ್ಕಳನ್ನು ನೋಡಿಕೊಳ್ಳುವವರೇ. ಯಾವ ಪಿನ್‌ಕೋಡಿನಲ್ಲಿ ಎಷ್ಟು ಜಾಗ ಕಡಿಮೆ ಎಂದು ಅವರು ಲೆಕ್ಕ ಕೊಡುತ್ತಾರೆ. ಇಂಗ್ಲೆಂಡಿನ 2006ರ ಕಾಯ್ದೆ ದುಡಿಯುವ ತಾಯಿತಂದೆಯರಿಗೆ ಸಾಕಾಗುವಷ್ಟು ಶಿಶುಪಾಲನೆ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೆ ಹಾಕಿತು, ಸಾಧ್ಯವಾದಷ್ಟರ ಮಟ್ಟಿಗೆ ಎಂಬ ನುಸುಳುದಾರಿಯನ್ನೂ ಇಟ್ಟಿತು. ಜರ್ಮನಿಯಲ್ಲಿ ಅಂಥ ದಾರಿ ಇಲ್ಲ. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಹಕ್ಕು. ಲೈಪ್‌ಜಿಗ್ ಊರಿನ ಮೂವರು ತಾಯಂದಿರು ಜಾಗ ಸಿಗದೆ ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಸಂಬಳವನ್ನು ನಗರಸಭೆಯಿಂದಲೇ ಕೇಳಿ ಕೋರ್ಟಿಗೆ ಹೋದರು. 2016ರಲ್ಲಿ ಅಲ್ಲಿನ ಸಿವಿಲ್ ಮೊಕದ್ದಮೆಗಳ ಅತ್ಯುನ್ನತ ನ್ಯಾಯಾಲಯ ಅಂಥ ಪರಿಹಾರ ಕೇಳಬಹುದು, ದುಡ್ಡಿಲ್ಲ ಎಂಬ ನೆಪ ನಡೆಯದು ಎಂದಿತು. ನಮ್ಮ ಯಾವ ನಗರಸಭೆಯ ಅಧ್ಯಕ್ಷರಾದರೂ ಇದನ್ನು ಕೇಳಿದರೆ ಅಂದು ರಾತ್ರಿ ನಿದ್ದೆ ಬರಲಾರದು.

ಆ ಹೆದರಿಕೆಯನ್ನು ಹಗುರಾಗಿ ನೋಡಬಾರದು. ಸ್ಥಳೀಯ ಸಂಸ್ಥೆಗಳು ಇಂಥ ಕಾನೂನಿಗೆ ಹಿಂಜರಿಯುವುದು ಮಕ್ಕಳ ಮೇಲಿನ ಅಸಡ್ಡೆಯಿಂದಲ್ಲ. ಹೊಣೆ ಕೆಳಗಿಳಿಯುತ್ತದೆ, ಹಣ ಮೇಲೇ ಉಳಿಯುತ್ತದೆ. ಇದು ಅವರ ನಿತ್ಯದ ಅನುಭವ. ಆದ್ದರಿಂದ ಪಂಚಾಯಿತಿ, ಪಾಲಿಕೆಗಳು ಬೆಂಬಲದ ಠರಾವು ಮಾಡುವಾಗ ಸುಮ್ಮನೆ ಸ್ವಾಗತಿಸಿ ಬಿಡಬಾರದು, ಷರತ್ತು ಹಾಕಬೇಕು. ಸೆಸ್ಸಿನ ನಿಗದಿತ ಪಾಲು ವಾರ್ಡಿಗೆ ಬರಬೇಕು. ಕೂಸು ನೋಡಿಕೊಳ್ಳುವವರಿಗೆ ಗೌರವಧನ ಎಂಬ ಹೆಸರಿನ ಅರೆಕೂಲಿಯ ಬದಲು ಸಂಬಳ ಇರಬೇಕು. ಹಳ್ಳಿಯ ಯೋಜನೆಯನ್ನೂ ಪಟ್ಟಣದ ಯೋಜನೆಯನ್ನೂ ಜಿಲ್ಲಾ ಯೋಜನಾ ಸಮಿತಿ ಒಟ್ಟುಗೂಡಿಸಬೇಕೆಂದು ಸಂವಿಧಾನವೇ ಹೇಳಿದೆ. ರಾಜ್ಯದ ಶಿಶುಪಾಲನಾ ಯೋಜನೆ ಅಲ್ಲಿಂದ ಮೇಲೇರಬೇಕು, ಸಚಿವಾಲಯದಿಂದ ಕೆಳಗಿಳಿಯಬಾರದು.

ಉಳಿದದ್ದು ಎಲ್ಲಕ್ಕಿಂತ ಕಗ್ಗಂಟಿನ ಪ್ರಶ್ನೆ, ಹೈದರಾಬಾದಿನ ಕನ್ನಡಿಗರಾದ ನಮಗೇ ಹೆಚ್ಚು ಸೇರಿದ್ದು. ಕೂಸನ್ನು ಎಲ್ಲಿ ಎಣಿಸಬೇಕು? ಆಧಾರ್ ವಿಳಾಸ ಯಾದಗಿರಿಯದ್ದು, ಅಂಗನವಾಡಿ ದಾಖಲೆ ಅಲ್ಲಿಯದ್ದು, ಪಂಚಾಯಿತಿಯ ಕೂಸಿನ ಮನೆಯಲ್ಲೂ ಹೆಸರಿದೆ. ಮಗು ಮಾತ್ರ ಮಿಯಾಪುರದಲ್ಲಿದೆ. ಪೋಷಣ್ ಟ್ರ್ಯಾಕರಿನಲ್ಲಿ ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅನುಕೂಲ ಇದೆ, ಆದರೆ ವರ್ಗಾಯಿಸಿ ಎಂದು ಹೇಳುವವರು ಯಾರು, ಹೇಳಿದ ಮೇಲೆ ಇಲ್ಲಿ ಜಾಗ ಎಲ್ಲಿ? ಎರಡು ರಾಜ್ಯಗಳ ಕಾಯ್ದೆಯಲ್ಲೂ ಒಂದೇ ಸಾಲು ಬರಬೇಕು: ಕೂಸು ಇವತ್ತು ಎಲ್ಲಿ ಮಲಗಿದೆಯೋ ಆ ಊರಿನ ಲೆಕ್ಕಕ್ಕೇ ಸೇರಿದ್ದು, ಪಡಿತರ ಚೀಟಿ ಯಾವ ಊರದ್ದಾದರೂ ಸರಿ. ನಮ್ಮ ಕನ್ನಡ ಸಂಘದ ಕೈಯಲ್ಲಿ ಆಗುವ ಕೆಲಸವೂ ಒಂದಿದೆ. ಸುಗ್ಗಿ ಮುಗಿದು ಕೂಲಿಗಳು ಬರುವ ತಿಂಗಳಲ್ಲಿ ಕನ್ನಡ ಬಲ್ಲ ನಾಲ್ಕು ಜನ ಅಂಗನವಾಡಿ ಟೀಚರಮ್ಮನ ಜೊತೆ ಒಂದೆರಡು ಶೆಡ್ಡುಗಳಿಗೆ ಹೋಗಿ, ಕೂಸುಗಳ ಹೆಸರು, ವಯಸ್ಸು, ಊರು ಬರೆದುಕೊಳ್ಳಬಹುದು. ನಲವತ್ತಾದರೆ ಅರ್ಜಿಯನ್ನು ತೆಲುಗಿನಲ್ಲಿ ನಾವೇ ಬರೆದುಕೊಡಬಹುದು. ಹೋಗಲು ಮನಸ್ಸಿರುವವರು ಕಾರ್ಯದರ್ಶಿಯವರ ಹತ್ತಿರ ಹೆಸರು ಕೊಟ್ಟು ಹೋಗಿ.