ಹಲಗೆಯ ಹೊರಗೂ ಒಳಗೂ



ನುಡಿದ ನಂಬಿಕೆ ಮತ್ತು ನಡೆದ ನಂಬಿಕೆ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಆಜ್ಞಾಪಿಸಿದ್ದಾರೆ. ಇದಕ್ಕಾಗಿ ದೂರದ ಶಾಸ್ತ್ರಗಳನ್ನು ತಡಕುವ ಅವಶ್ಯಕತೆ ನಮಗಿಲ್ಲ. ನೆರೆಯ ಕಲ್ಯಾಣದಲ್ಲಿಯೇ, ಹನ್ನೆರಡನೆಯ ಶತಮಾನದಲ್ಲಿ, ಇದರ ಪರೀಕ್ಷೆ ನಡೆದುಹೋಗಿದೆ. ಶರಣರಲ್ಲಿ ಕುಲಭೇದವಿಲ್ಲವೆಂದು ಒಪ್ಪಿದವರು ಅನೇಕರು. ಆದರೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸನು ಸಮಗಾರ ಹರಳಯ್ಯನ ಮಗನಿಗೆ ತನ್ನ ಮಗಳನ್ನು ಕೊಟ್ಟಾಗಲೇ ಆ ಮಾತಿಗೆ ಬೆಲೆ ತೆರಬೇಕಾಯಿತು. ಅವರಿಬ್ಬರೂ ಬಿಜ್ಜಳನ ಆಜ್ಞೆಯಿಂದ ಪ್ರಾಣ ತೆತ್ತರೆಂದು ಶರಣರ ಚರಿತ್ರೆಗಳು ಹೇಳುತ್ತವೆ. ಮಾತು ಮಾತಾಗಿಯೇ ಉಳಿದಿದ್ದಷ್ಟು ದಿನ ಅರಸನಿಗೂ ಅದರಿಂದ ಅಷ್ಟೊಂದು ಬಾಧೆಯಿರಲಿಲ್ಲವೆಂದು ತೋರುತ್ತದೆ.

ಇನ್ನು ನಮ್ಮ ಕಾಲಕ್ಕೆ ಸಮೀಪವಾದ ಸಂಗತಿ. ಉದಗೀರಕ್ಕೆ ಹತ್ತಿರದ ಕಮಲನಗರದಲ್ಲಿ ಜನಿಸಿ, ಭಾಲ್ಕಿ ಹಿರೇಮಠದ ಪಟ್ಟವನ್ನೇರಿದ ಪೂಜ್ಯ ಚನ್ನಬಸವ ಪಟ್ಟದ್ದೇವರ ಹೆಸರನ್ನು ಕೇಳದವರು ಈ ಸಭೆಯಲ್ಲಿರಲಾರರು. ನಿಜಾಮರ ಆಳಿಕೆಯ ದಿನಗಳವು. ಉದಗೀರ, ನಿಲಂಗಾಗಳು ಆಗ ಬೀದರ ಜಿಲ್ಲೆಗೇ ಸೇರಿದ್ದವು. ಕಚೇರಿಯಲ್ಲಿ ಉರ್ದು, ಉಚ್ಚ ಶಿಕ್ಷಣದಲ್ಲಿ ಉರ್ದು. ಅಂಥ ಕಾಲದಲ್ಲಿ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಹಲಗೆಯನ್ನು ತೂಗಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಸಾರಿ ಹೇಳುವ ಸೌಕರ್ಯವೇ ಇಲ್ಲದವರ ನಂಬಿಕೆ ಅದು. ಇದನ್ನು ಕಪಟವೆನ್ನುವವರೂ ಇರಬಹುದು, ನನಗೆ ಹಾಗೆನ್ನಿಸುವುದಿಲ್ಲ. ಬೀದಿಯಲ್ಲಿ ನಿಂತು ಭಾಷಣ ಮಾಡಿ ಸೆರೆಗೆ ಹೋಗಿದ್ದರೆ ಕೀರ್ತಿ ಬೇಗ ಬರುತ್ತಿತ್ತೇನೋ, ಆದರೆ ಮಕ್ಕಳ ಪಾಟಿಯ ಮೇಲೆ ಅಕ್ಷರ ಮೂಡುತ್ತಿರಲಿಲ್ಲ. ಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಲು ಟೊಂಕ ಕಟ್ಟಿದವರೂ ಅವರೇ. ನೂರಕ್ಕೂ ಹೆಚ್ಚು ವರ್ಷ ಬಾಳಿ 1999ರಲ್ಲಿ ಲಿಂಗೈಕ್ಯರಾದರು.

1956ರ ನವೆಂಬರ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಭಾಲ್ಕಿ ಮೈಸೂರು ರಾಜ್ಯಕ್ಕೆ ಸೇರಿತು. ಉಮರಗಾ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದವಾದವು. ಗೆರೆ ಎಳೆದವರನ್ನು ಕುರಿತು ನಾವು ಸಾಕಷ್ಟು ಮಾತನಾಡಿದ್ದೇವೆ. ಇಂದು ನಮ್ಮ ಸಂಘದ ಹಲಗೆ ಕನ್ನಡದಲ್ಲಿದೆ, ಅಕ್ಷರಗಳೂ ದೊಡ್ಡವಾಗಿವೆ. ಒಳಗೇನಿದೆ? ಅಜ್ಜಿ ಕನ್ನಡದಲ್ಲಿ ಕರೆದರೆ ಮೊಮ್ಮಗ ಬೇರೆ ಭಾಷೆಯಲ್ಲಿ ಓಗೊಡುವ ಮನೆಗಳು ನಮ್ಮಲ್ಲಿ ಇಲ್ಲವೆ? ಮರಾಠಿ ಕಲಿಯುವುದರಲ್ಲಿ ದೋಷ ಕಾಣುವವನು ನಾನಲ್ಲ. ಅದು ಈ ರಾಜ್ಯದ ಭಾಷೆ, ನಮ್ಮ ಪೇಟೆಯ ಭಾಷೆ, ಅನ್ನದ ಮಾತು. ಬಡತನದಿಂದಲೋ ಶಾಲೆ ದೂರವಾದುದರಿಂದಲೋ ಮಗುವನ್ನು ಬೇರೆಡೆ ಸೇರಿಸಿದ ತಂದೆಯನ್ನೂ ನಾನು ಹಳಿಯಲಾರೆ. ಆದರೆ ಹತ್ತಿರದಲ್ಲಿಯೇ ಕನ್ನಡ ಶಾಲೆಯಿದ್ದು, ವೇದಿಕೆಯ ಮೇಲೆ ಅಭಿಮಾನದ ಮಾತನಾಡಿ, ತಮ್ಮ ಮಕ್ಕಳನ್ನು ಮಾತ್ರ ಅದರ ಬಾಗಿಲ ಮುಂದೆಯೇ ಬೇರೆಡೆಗೆ ಕರೆದೊಯ್ಯುವವರ ಮಾತು ಬೇರೆ. ಅಂಥವರ ಚಪ್ಪಾಳೆಯಿಂದ ಶಾಲೆಯ ಹಾಜರಿ ಪುಸ್ತಕ ತುಂಬುವುದಿಲ್ಲ.

ಸಂಘದ ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಈ ಸಭೆಯಲ್ಲಿ ಕುಳಿತವರ ಮನೆಗಳಿಂದ ಎಷ್ಟು ಮಕ್ಕಳ ಹೆಸರು ದಾಖಲಾಯಿತೆಂಬುದನ್ನು ಬರೆದಿಟ್ಟು, ಮುಂದಿನ ವಾರ್ಷಿಕೋತ್ಸವದಲ್ಲಿ ಓದಿ ಹೇಳಬೇಕು. ಅಂದು ನನ್ನ ಭಾಷಣವಿಲ್ಲದಿದ್ದರೂ ನಡೆದೀತು.